ಯೂರಿಯಾ ಕುಡಿಯುವ ಮನೆ

ಮಂಚ, ಒಲೆ, ಬಚ್ಚಲು ಎಲ್ಲವನ್ನೂ ಹೊತ್ತುಕೊಂಡು ಊರೂರು ತಿರುಗುವ ಗಾಡಿ ಓಡಿಸುವವನಿಗೆ ನಗುವ ಸಂಗತಿಗಳಿಗೆ ಕೊರತೆಯಿಲ್ಲ. ಒಂದನ್ನು ಯಾರಿಗಾದರೂ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ನಡೆದುಬಿಟ್ಟಿರುತ್ತದೆ.

ನಾನು ಚನ್ನಪಟ್ಟಣದವನು. ಇಪ್ಪತ್ತಾರು ವರ್ಷ ಲಾರಿ ಓಡಿಸಿದೆ. ಮೂರು ವರ್ಷದಿಂದ ರಾಮನಗರದ ಓನರ್ ಒಬ್ಬರ ಕ್ಯಾರವಾನ್ ಓಡಿಸುತ್ತಿದ್ದೇನೆ. ಬಾಡಿಗೆಗೆ ತೆಗೆದುಕೊಂಡವರು ಒಳಗೆ ಮಂಚದ ಮೇಲೆ ಮಲಗುತ್ತಾರೆ, ನಾನು ಡ್ರೈವರ್ ಸೀಟನ್ನು ಹಿಂದಕ್ಕೆ ಬಾಗಿಸಿಕೊಂಡು ಮಲಗುತ್ತೇನೆ. ನನ್ನ ಹೆಂಡತಿ ಬೊಂಬೆಗೆ ಬಣ್ಣ ಹಾಕುವ ಕೆಲಸಕ್ಕೆ ಹೋಗುತ್ತಾಳೆ. ನಾನು ನೋಡಿದ ಊರುಗಳನ್ನೆಲ್ಲ ಅವಳು ನನ್ನ ಬಾಯಲ್ಲಿ ಕೇಳಿದ್ದಾಳೆ, ನೋಡಿದ್ದು ಬಹಳ ಕಡಿಮೆ. ಈ ಗಾಡಿ ಬಂದಾಗಿನಿಂದ ಅವಳು ಕೇಳುತ್ತಿದ್ದುದು ಒಂದೇ. "ಅದ್ರಲ್ಲಿ ಒಂದಿನ ಮಲಗ್ಬೇಕು ಕಣ್ರೀ. ಎಲ್ಲಿಗಾದ್ರೂ ಸರಿ."

ಗಾಡಿಗೆ ಡೀಸೆಲ್ ಜೊತೆಗೆ ಇನ್ನೊಂದು ದ್ರವ ಬೇಕು. ಕಾಗದದಲ್ಲಿ ಅದಕ್ಕೆ ಡಿಇಎಫ್ ಅಂತ ಹೆಸರು. ಯೂರಿಯಾ ಬೆರೆಸಿದ ಶುದ್ಧ ನೀರು. ಹೊಗೆಯ ವಿಷ ಕಡಿಮೆ ಮಾಡುತ್ತದೆ. ಡೀಸೆಲ್ ಟ್ಯಾಂಕಿನ ಪಕ್ಕದಲ್ಲಿ ನೀಲಿ ಮುಚ್ಚಳದ ಪುಟ್ಟ ಟ್ಯಾಂಕು ಅದಕ್ಕೇ ಇರುವುದು. ನಾವು ಡ್ರೈವರುಗಳು ಅದನ್ನು ಬರೀ ಯೂರಿಯಾ ಅನ್ನುತ್ತೇವೆ. ತಮಾಷೆ ಶುರುವಾಗುವುದೇ ಆ ಹೆಸರಿನಿಂದ.

ಮಾವನ ಲೆಕ್ಕಾಚಾರ

ನನ್ನ ಮಾವ ಕನಕಪುರದ ಕಡೆಯವರು. ರಾಗಿ ಬೆಳೆಯುತ್ತಾರೆ, ಒಂದಿಷ್ಟು ಹಿಪ್ಪುನೇರಳೆ ಇದೆ. ಒಂದು ಸಲ ಗಾಡಿ ಖಾಲಿ ಬರುತ್ತಿತ್ತು, ಅವರ ಊರಿನ ಮೇಲೇ ದಾರಿ. ಹೆಂಡತಿಯೂ ಅಲ್ಲೇ ಇದ್ದಳು. ಯೂರಿಯಾ ಮುಗಿಯುತ್ತಿದೆ ಅನ್ನುವ ದೀಪ ಬಂದಿತ್ತೆಂದು ಅವರ ಜಗಲಿಯ ಮುಂದೆ ಕ್ಯಾನು ಬಗ್ಗಿಸಿ ಯೂರಿಯಾ ಹಾಕುತ್ತಿದ್ದೆ. ಮಾವ ಬಂದು ಪಕ್ಕದಲ್ಲಿ ನಿಂತರು.

"ಏನಯ್ಯಾ ಅದು?"

"ಯೂರಿಯಾ ಮಾವ."

ಮಾವ ಆ ದಿನ ಬೆಳಗ್ಗೆಯಷ್ಟೇ ಸೊಸೈಟಿ ಮುಂದೆ ಮೂರು ಗಂಟೆ ಕ್ಯೂ ನಿಂತು, ಯೂರಿಯಾ ಮೂಟೆ ಸಿಗದೆ ಬರಿಗೈಯಲ್ಲಿ ವಾಪಸ್ ಬಂದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಅವರು ಇಡೀ ಕ್ಯಾನು ಖಾಲಿಯಾಗುವವರೆಗೂ ನೋಡಿದರು. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು ಬಂದರು. ಟೈರು ಮುಟ್ಟಿದರು. ಕಿಟಕಿಯಲ್ಲಿ ಇಣುಕಿದರು.

ಹೆಂಡತಿ ಅಷ್ಟರಲ್ಲಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗಿನ ಮಂಚ ನೋಡುತ್ತಿದ್ದಳು. ಗಿರಾಕಿಗಳನ್ನು ಬಿಟ್ಟು ಬೇರೆಯವರನ್ನು ಹತ್ತಿಸಬೇಡ ಅಂತ ಓನರ್ ಹೇಳಿದ್ದು ಅವಳಿಗೂ ಗೊತ್ತಿತ್ತು. ಅದಕ್ಕೇ ಎರಡನೇ ಕಾಲು ನೆಲದ ಮೇಲೇ ಇತ್ತು. ಹತ್ತು ಅನ್ನದೆ ನಾನು ಖಾಲಿ ಕ್ಯಾನಿನ ಮುಚ್ಚಳ ತಿರುಗಿಸಿದೆ.

ಮಾವ ಸುತ್ತು ಮುಗಿಸಿ ಬಂದು ಗಂಭೀರವಾಗಿ ಕೇಳಿದರು.

"ಇಷ್ಟು ಯೂರಿಯಾ ಕುಡಿದು ಎಕರೆಗೆ ಎಷ್ಟು ಇಳುವರಿ ಕೊಡ್ತೈತೆ ಇದು?"

ಮೃದುವಾದ ನೀರು

ಆಗ ಯೂರಿಯಾ ಕ್ಯಾನುಗಳನ್ನು ನಾನು ಒಳಗೆ ಸೋಫಾದ ಕೆಳಗೆ ಇಡುತ್ತಿದ್ದೆ. ಕುಡಿಯುವ ನೀರಿನ ಕ್ಯಾನೂ ಅಲ್ಲೇ. ಎರಡೂ ಬಿಳಿ, ಎರಡರ ಒಳಗಿನದೂ ತಿಳಿ. ತಪ್ಪು ನನ್ನದೇ.

ಬೆಂಗಳೂರಿನಿಂದ ಒಬ್ಬರು ರಿಟೈರ್ಡ್ ಬ್ಯಾಂಕ್ ಅಧಿಕಾರಿ, ಅವರ ಹೆಂಡತಿ ಬಂದಿದ್ದರು. ಕನಕಪುರ ದಾಟಿ ಒಂದು ಕೆರೆ ದಡದಲ್ಲಿ ಗಾಡಿ ನಿಲ್ಲಿಸಿದ್ದೆವು. ಬೆಳಗ್ಗೆ ಮೇಡಂ ಟೀಗೆ ಇಟ್ಟರು. ನಾನು ಹೊರಗೆ ಎರಡು ಕುರ್ಚಿ ಬಿಡಿಸುತ್ತಿದ್ದೆ. ಒಳಗಿನಿಂದ ಮೂಗು ಸುಡುವಂಥ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಒಲೆಯ ಪಕ್ಕದಲ್ಲಿ ಯೂರಿಯಾ ಕ್ಯಾನು.

"ಮೇಡಂ, ಆಫ್ ಮಾಡಿ. ಅದು ನೀರಲ್ಲ, ಗಾಡಿಗೆ ಹಾಕೋದು."

ಮೇಡಂ ಒಲೆ ಆರಿಸಿ ಪಾತ್ರೆಯನ್ನು ಕೈ ಚಾಚಿ ದೂರ ಹಿಡಿದರು. "ನಾನು ಈ ಊರಿನ ನೀರೇ ಹಿಂಗೇನೋ ಅಂದ್ಕೊಂಡೆ."

ಬಚ್ಚಲಿನಿಂದ ಟವೆಲ್ ಹಿಡಿದು ಬಂದ ಸಾರ್ ಅಲ್ಲೇ ನಿಂತುಬಿಟ್ಟರು. "ನಾನು ಅದರಲ್ಲೇ ಮುಖ ತೊಳೆದೆನಲ್ಲಪ್ಪಾ. ಎಷ್ಟು ಮೃದುವಾಗಿದೆ ಈ ನೀರು ಅಂದ್ಕೊಂಡೆ."

ಒಳ್ಳೆಯ ನೀರಿನಲ್ಲಿ ಮೂರು ಸಲ ಮುಖ ತೊಳೆಸಿದೆ. ಕಣ್ಣು ಉರಿಯುತ್ತಾ ಅಂದರೆ ಇಲ್ಲ ಅಂದರು. ಮೇಡಂ ಮಾತ್ರ ಸಮಾಧಾನವಾಗದೆ ಅದು ಯಾತಕ್ಕೆ ಹಾಕುವುದು ಅಂತ ಕೇಳಿದರು. ಹೊಗೆ ಕಡಿಮೆಯಾಗಲಿ ಅಂತ ಅಂದೆ.

ಮೇಡಂ ಗಂಡನ ಜುಬ್ಬಾದ ಜೇಬಿಗೆ ಕೈ ಹಾಕಿ ಒಂದು ಸಿಗರೇಟ್ ಪ್ಯಾಕ್ ಹೊರತೆಗೆದರು. "ಹಾಗಿದ್ರೆ ಒಂದು ಕ್ಯಾನು ಮನೆಗೂ ಕೊಡಪ್ಪಾ. ದಿನಾ ಇವರ ಮುಖ ಇದರಲ್ಲೇ ತೊಳೆಸ್ತೀನಿ."

ಆಮೇಲೆ ಇಬ್ಬರೂ ಕೆರೆಯ ಕಡೆ ಮುಖ ಮಾಡಿ ಕೂತು ಟೀ ಕುಡಿದರು. ಮೇಡಂ ಲೋಟ ಕೊಟ್ಟಾಗ ಸಾರ್ ಈಸಿಕೊಂಡರು, ಅಷ್ಟೆ. ನಾನು ಗಾಡಿಯ ಹಿಂದೆ ನಿಂತು ಹೆಂಡತಿಗೆ ಫೋನ್ ಮಾಡಿದೆ. ಕೆಲಸದಲ್ಲಿದ್ದಳು, ಕೈಯೆಲ್ಲ ಬಣ್ಣ ಅಂದಳು. ಏನು ವಿಷಯ ಅಂದಳು. ಏನಿಲ್ಲ ಅಂದೆ.

ತೋಳಿನ ರಂಗೋಲಿ

ಕ್ಯಾನುಗಳನ್ನು ಆ ದಿನದಿಂದ ಹೊರಗಡೆ, ಗಾಡಿಯ ಹೊಟ್ಟೆಯ ಕೆಳಗಿನ ಪೆಟ್ಟಿಗೆಗೆ ಸಾಗಿಸಿದೆ. ಬಗ್ಗಿ ಎತ್ತಿ ಹಾಕುವಾಗ ಒಂದಿಷ್ಟು ಅಂಗಿ ಮೇಲೆ ಚೆಲ್ಲುತ್ತದೆ. ಒಣಗಿದರೆ ಅದು ಬೆಳ್ಳಗೆ ಪುಡಿಯಾಗಿ ಅಂಟಿಕೊಳ್ಳುತ್ತದೆ.

ಹನ್ನೆರಡು ದಿನದ ಟ್ರಿಪ್ ಮುಗಿಸಿ ಮನೆಗೆ ಬಂದೆ. ಹೆಂಡತಿ ಬಟ್ಟೆ ನೆನೆಸಲು ಹೋದವಳು ಅಂಗಿಯ ತೋಳು ಹಿಡಿದುಕೊಂಡು ವಾಪಸ್ ಬಂದಳು.

"ಇದ್ಯಾರ ಮನೆ ಬಾಗ್ಲಲ್ಲಿ ರಂಗೋಲಿ ಬುಟ್ಟು ಬಂದ್ರಿ?"

ಯೂರಿಯಾ ಅಂದೆ. ನಂಬಲಿಲ್ಲ. ಬೀದಿಯಲ್ಲಿ ನಿಂತಿದ್ದ ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ನೀಲಿ ಮುಚ್ಚಳ ತೋರಿಸಿದೆ. ಅದರ ಸುತ್ತಲೂ ಅದೇ ಬಿಳಿ ಪುಡಿ. ಅವಳು ಬೆರಳಲ್ಲಿ ಒರೆಸಿ ನೋಡಿ, ಮುಚ್ಚಳಕ್ಕೆ ಹೇಳಿದಳು.

"ತಿಂಗಳಲ್ಲಿ ಇಪ್ಪತ್ತೈದು ದಿನ ನಿನ್ ಜೊತೇಲೇ ಇರ್ತಾರೆ. ಅಂಗೀನೂ ನೀನೇ ಒಗಿಯವ್ವ."

ಫಿಲ್ಟರ್ ನೀರು

ನಾನು ಎರಡು ದಿನ ರಜೆ ಹಾಕಿದ್ದಾಗ ಗಾಡಿಯಲ್ಲಿ ಯೂರಿಯಾ ದೀಪ ಉರಿಯಿತು. ಓನರ್ ತಾವೇ ಸರಿಮಾಡಲು ಹೊರಟರು. ನೋಡಲು ನೀರಿನ ಥರವೇ ಇದೆ, ನೀರಿಗಿಂತ ಇದರಲ್ಲೇನು ಹೆಚ್ಚು ಅಂತ ಅನಿಸಿರಬೇಕು. ಮನೆಯ ಫಿಲ್ಟರಿನಿಂದ ಎರಡು ಬಿಂದಿಗೆ ತುಂಬಿಸಿ ನೀಲಿ ಮುಚ್ಚಳ ತೆಗೆದು ಸುರಿದರು.

ಗಾಡಿ ಸುಮ್ಮನಿರಲಿಲ್ಲ. ಒಳಗಿನ ದ್ರವದ ಕ್ವಾಲಿಟಿ ಸರಿಯಿಲ್ಲ ಅಂತ ಸ್ಟೀರಿಂಗ್ ಮುಂದೆ ಬರೆದು ತೋರಿಸಿತು. ನಾನು ಕೆಲಸಕ್ಕೆ ವಾಪಸ್ ಬಂದ ದಿನವೇ ರಾಮನಗರದ ಮೆಕ್ಯಾನಿಕ್ ಭಾಯಿ ಬಂದರು. ಅವರ ತಂದೆಯವರದು ರೇಷ್ಮೆ ನೂಲು ತೆಗೆಯುವ ಕಸುಬು. ಇವರೂ ಹುಡುಗರಾಗಿದ್ದಾಗ ಅದನ್ನೇ ಮಾಡಿದವರು, ಹಾಗಾಗಿ ಕೈ ಬಹಳ ನಾಜೂಕು, ಮಾತೂ ಅಷ್ಟೇ. ಟ್ಯಾಂಕು ಬಿಚ್ಚಿ ಎಲ್ಲವನ್ನೂ ಬಸಿದರು, ಟ್ಯಾಂಕಿನ ಒಳಗನ್ನು ಯೂರಿಯಾದಲ್ಲೇ ಜಾಲಿಸಿದರು, ಹೊಸ ಕ್ಯಾನು ಸುರಿದರು. ಅರ್ಧ ದಿನ ಹಿಡಿಯಿತು.

"ಇದ್ರಲ್ಲಿ ನೀರು ಬಿದ್ದೈತಲ್ಲ. ಯಾರು ಹಾಕಿದ್ದು?"

"ಯಾರೋ ಹಾಕಿರ್ಬೇಕು ಭಾಯ್," ಅಂದರು ಓನರ್.

ಭಾಯಿ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಓನರ್‌ಗೆ ಮಾತ್ರ ಒಳಗೇ ಕುದಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಡೆಯಲಾಗದೆ, "ಆದ್ರೂ ಭಾಯ್, ನಮ್ಮನೆ ಫಿಲ್ಟರ್ ನೀರು ಬೀದಿಯವರೆಲ್ಲ ತುಂಬ್ಕೊಂಡ್ ಹೋಗ್ತಾರೆ. ಅದಕ್ಕೆ ಕ್ವಾಲಿಟಿ ಇಲ್ಲ ಅಂತೈತಲ್ಲ ಈ ಗಾಡಿ?" ಅಂದುಬಿಟ್ಟರು.

ಭಾಯಿ ಕೈ ಒರೆಸಿಕೊಂಡು, "ಗಾಡಿಗೆ ಏನ್ ಗೊತ್ತು ಅಣ್ಣಾ ರುಚಿ. ನನಗೊಂದು ಲೋಟ ಕೊಡಿ, ನಾನು ಸರ್ಟಿಫಿಕೇಟ್ ಕೊಡ್ತೀನಿ" ಅಂದರು.

ಸಾವನದುರ್ಗದ ಕೆಳಗೆ

ಹೋದ ಬೇಸಿಗೆಯಲ್ಲಿ ಬಾಡಿಗೆ ಇಲ್ಲದೆ ಗಾಡಿ ನಿಂತೇ ಇತ್ತು. ಓನರ್ ತಾವಾಗಿಯೇ ಹೇಳಿದರು. "ಗಾಡಿ ಒಸಿ ಓಡ್ಲಿ. ನಿಮ್ಮೋರನ್ನ ಸಾವನದುರ್ಗಕ್ಕೆ ಕರ್ಕೊಂಡು ಹೋಗಿ ಸಾಯಂಕಾಲಕ್ಕೆ ತಂದುಬುಡು."

ಹಿಂದಿನ ದಿನವೇ ಗಾಡಿಯನ್ನು ಚನ್ನಪಟ್ಟಣಕ್ಕೆ ತಂದು ಮನೆ ಮುಂದೆ ನಿಲ್ಲಿಸಿದೆ. ಹೆಂಡತಿ ಮುಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದಳು.

"ಆ ದೀಪ ಯಾಕೆ ಉರೀತೈತೆ?"

"ಯೂರಿಯಾ ಮುಗೀತಾ ಬಂದೈತೆ. ಪೆಟ್ಟಿಗೇಲಿ ಎರಡು ಕ್ಯಾನೈತೆ, ನಾಳೆ ಅಲ್ಲೇ ಹಾಕ್ತೀನಿ."

"ಹಾಕ್ದಿದ್ರೆ?"

"ಪೂರ್ತಿ ಮುಗಿದಮೇಲೆ ಆಫ್ ಮಾಡಿದ್ರೆ, ಆಮೇಲೆ ಸ್ಟಾರ್ಟ್ ಆಗಲ್ಲ. ಅಲ್ಲೇ ನಿಂತ್ಕತೈತೆ."

ಅವಳು ತಿರುಗಿ ಒಳಗಿನ ಮಂಚ ನೋಡಿದಳು.

ಬೆಳಗ್ಗೆ ಹೊರಟೆವು. ರಾಮನಗರ, ಮಾಗಡಿ ದಾಟಿ ಬೆಟ್ಟದ ಕೆಳಗಿನ ಒಬ್ಬ ರೈತರನ್ನು ಕೇಳಿ ಅವರ ಹೊಲದ ಹುಣಸೆಮರದ ನೆರಳಲ್ಲಿ ನಿಲ್ಲಿಸಿದೆ. ದೇವಸ್ಥಾನಕ್ಕೆ ಹೋಗಿ ಬಂದೆವು. ಅವಳು ಒಳಗಿನ ಒಲೆಯಲ್ಲಿ ಅನ್ನ, ಹುಳಿ ಮಾಡಿದಳು. ಪರದೆ ಎಳೆದಳು, ತೆಗೆದಳು. ಮಂಚದ ಅಂಚಿನಲ್ಲಿ ಕೂತು ಕಿಟಕಿಯಿಂದ ಬೆಟ್ಟ ನೋಡಿದಳು. ಅಷ್ಟು ವರ್ಷ ಲಾರಿಯ ಕಿಟಕಿಯಲ್ಲಿ ನಾನು ಒಬ್ಬನೇ ನೋಡಿದ ಬೆಟ್ಟಗಳೆಲ್ಲ ನನಗೆ ಆಗ ನೆನಪಾದವು. ಇವಳು ಪಕ್ಕದಲ್ಲಿದ್ದಿದ್ದರೆ ಒಂದೊಂದೂ ಬೇರೆಯೇ ಕಾಣುತ್ತಿತ್ತೋ ಏನೋ.

ನಾಲ್ಕು ಗಂಟೆಗೆ ಕೀ ತಿರುಗಿಸಿದೆ. ಸ್ಟಾರ್ಟ್ ಆಗಲಿಲ್ಲ. ಯೂರಿಯಾ ಪೂರ್ತಿ ಖಾಲಿ. ಹೋಗಲಿ ಅಂತ ಕೆಳಗಿನ ಪೆಟ್ಟಿಗೆ ತೆರೆದೆ. ಕ್ಯಾನುಗಳಿರಲಿಲ್ಲ. ಎರಡು ದಿಂಬು, ಒಂದು ಕಂಬಳಿ ಇತ್ತು.

"ಕ್ಯಾನೆಲ್ಲಿ?"

"ಮನೇಲವೆ. ಜಾಗ ಸಾಲ್ದೆ ಇಳಿಸಿದೆ."

"ಸಾಯಂಕಾಲ ವಾಪಸ್ ಹೋಗೋರಿಗೆ ದಿಂಬು ಕಂಬಳಿ ಯಾಕೆ?"

ಅವಳು ಬೆಟ್ಟದ ಕಡೆ ತಿರುಗಿ, "ದೊಡ್ಡ ಬೆಟ್ಟ ಅಲ್ವಾ" ಅಂದಳು.

ಬೇರೆ ದಾರಿಯಿಲ್ಲದೆ ಓನರ್‌ಗೆ ಫೋನ್ ಮಾಡಿದೆ. ಅವರು ಭಾಯಿಯನ್ನು ಕಳಿಸಿದರು. ಮರುದಿನ ಮಧ್ಯಾಹ್ನ ಬೆಂಗಳೂರಿನ ಗಿರಾಕಿಗಳಿದ್ದರು, ಗಾಡಿ ಅಷ್ಟರೊಳಗೆ ರಾಮನಗರದಲ್ಲಿ ಇರಲೇಬೇಕಿತ್ತು. ಹೊತ್ತು ಮುಳುಗುವ ಮುಂಚೆ ಭಾಯಿ ಬೈಕಿನ ಹಿಂದೆ ಕ್ಯಾನು ಕಟ್ಟಿಕೊಂಡು ಬಂದೇಬಿಟ್ಟರು. ಅಷ್ಟು ಬೇಗ ಬರುತ್ತಾರೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ. ಹೆಂಡತಿ ಅವರಿಗೆ ಟೀ ಕೊಟ್ಟಳು. ಅವಳ ಮುಖ ಬಾಡಿಹೋಗಿತ್ತು.

ಭಾಯಿ ಟೀ ಮುಗಿಸಿ ಕ್ಯಾನು ಬಿಚ್ಚಿದರು. ಹೆಂಡತಿ ಹತ್ತಿರ ಹೋಗಿ ಕ್ಯಾನು ಮುಟ್ಟಿ ನೋಡಿದಳು. ಮೇಲೆ ಸೂರ್ಯನ ಚಿತ್ರ ಬರೆದು ಅಡ್ಡಗೆರೆ ಎಳೆದಿತ್ತು, ಬಿಸಿಲಲ್ಲಿ ಇಡಬಾರದು ಅಂತ. ಅವಳು ಅದರ ಮೇಲೆ ಬೆರಳಿಟ್ಟಳು.

"ದಾರಿಯುದ್ದಕ್ಕೂ ಬಿಸಿಲು ಕುಡಿದು ಬಂದೈತೆ ಅಣ್ಣಾ. ಈಗ್ಲೇ ಹಾಕೋ ಹಂಗಿಲ್ಲ. ರಾತ್ರಿಯೆಲ್ಲ ತಣ್ಣಗಾಗ್ಬೇಕು."

ಭಾಯಿ ಎಷ್ಟೋ ಗಾಡಿಗಳಿಗೆ ಯೂರಿಯಾ ಹಾಕಿದವರು. ಚಿತ್ರ ನೋಡಿದರು, ಅವಳನ್ನು ನೋಡಿದರು, ಕೊನೆಗೆ ನನ್ನನ್ನು ಕೇಳಿದರು. "ಹೌದಾ ಅಣ್ಣಾ?"

ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಗಾಡಿಯ ವಿಷಯದಲ್ಲಿ ನಾನು ಒಂದು ಸುಳ್ಳೂ ಹೇಳಿದವನಲ್ಲ.

"ಹೌದು ಭಾಯ್. ಬೆಳಗ್ಗೆವರೆಗೂ ಆರ್ಬೇಕು."

ಭಾಯಿ ಕ್ಯಾನನ್ನು ಹುಣಸೆಮರದ ಬುಡದಲ್ಲಿ ಜೋಪಾನವಾಗಿ ಇಟ್ಟರು. ಹೆಲ್ಮೆಟ್ ಹಾಕಿಕೊಂಡು ಬೈಕ್ ಸ್ಟಾರ್ಟ್ ಮಾಡಿದರು.

"ಓನರ್‌ಗೆ ನಾನೇ ಫೋನ್ ಮಾಡ್ತೀನಿ. ಯೂರಿಯಾಗೆ ಜ್ವರ ಬಂದೈತೆ, ಬೆಳಗ್ಗೆ ಹೊತ್ಗೆ ಇಳೀತದೆ ಅಂತ."