ಭಾವನ ಬೂಟಿನ ಲೇಸು

ನಮ್ಮ ಭಾವನಿಗೆ ಬೂಟಿನ ಲೇಸು ಕಟ್ಟಲು ಬರುವುದಿಲ್ಲ. ನಗಬೇಡಿ, ಇದು ನಗುವ ವಿಷಯವಲ್ಲ, ರೇಗುವ ವಿಷಯ! ಈ ಮಹಾನುಭಾವರು ಕಡಲಾಚೆಯ ಗೈದರ್ಸ್‌ಬರ್ಗ್‌ನಲ್ಲಿ ಹೆಸರು ಮಾಡಿದ ಸರ್ಜನ್. ಜನರ ಹೊಟ್ಟೆಯೊಳಗೆ ಕೈ ಹಾಕಿ, ಕೂದಲೆಳೆಯಂಥ ದಾರದಲ್ಲಿ ಗಂಟು ಹಾಕಿ ಬರುತ್ತಾರೆ. ಆ ಗಂಟು ಬಿಚ್ಚಿತೆಂದು ಯಾರೂ ದೂರು ತಂದಿಲ್ಲ. ಅದೇ ಕೈಗೆ ಸ್ವಂತ ಕಾಲಿನ ಬೂಟು ಸಿಕ್ಕರೆ ಮಾತ್ರ ಎಲ್ಲ ವಿದ್ಯೆಯೂ ಮರೆತುಹೋಗುತ್ತದೆ.

ಅಕ್ಕನಿಗೆ ಹಿಂದಿನ ವರ್ಷ ಹೃದಯದ ಆಪರೇಷನ್ ಆಗಿತ್ತು. ಆಸ್ಪತ್ರೆಯಲ್ಲಿ ಅವಳ ಮಂಚದ ಎದುರಿಗೆ ಒಂದು ಕ್ಯಾಲೆಂಡರ್. ಅದರಲ್ಲಿ ಹವಾಯಿಯ ಯಾವುದೋ ಕಣಿವೆ, ಕಪ್ಪು ಬಂಡೆ, ಆಚೆಗೆ ಕಪ್ಪು ಮರಳಿನ ಸಮುದ್ರತೀರ. "ಎದ್ದು ಓಡಾಡೋ ಹಾಗಾದ್ರೆ ಅಲ್ಲಿಗೆ ಹೋಗ್ತೀನಿ. ಆ ಮರಳಿನ ತನಕ ನನ್ನ ಕಾಲಲ್ಲೇ ನಡೀತೀನಿ" ಎಂದು ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಹೇಳಿದ್ದಳು. ಮನೆಗೆ ಬಂದ ಮೇಲೆ ಇನ್ನೊಂದು ಕಟ್ಟಪ್ಪಣೆ ಹೊರಟಿತು. "ಸುಸ್ತಾಯ್ತಾ ಅಂತ ಯಾರಾದ್ರೂ ಕೇಳಿದ್ರೆ ನೋಡಿ, ಅಲ್ಲಿಂದಲೇ ಫ್ಲೈಟ್ ಹತ್ತಿಸಿ ವಾಪಸ್ ಕಳಿಸ್ತೀನಿ!" ನಮ್ಮಕ್ಕ ಹೇಳಿದಂತೆ ಮಾಡುವವಳು. ಆದ್ದರಿಂದ ಯಾರೂ ಕೇಳಲಿಲ್ಲ.

ಹೃದಯದ ಡಾಕ್ಟರು ನಡೆಯಲು ಅಡ್ಡಿಯಿಲ್ಲ ಎಂದ ಮೇಲೆ ತಾಲೀಮು ಶುರುವಾಯಿತು. ಪ್ರತಿ ಶನಿವಾರ ನಾನು ನಾನಿರುವ ಹರ್ನ್‌ಡನ್‌ನಿಂದ ಅಕ್ಕನ ಮನೆಗೆ ಡ್ರೈವ್ ಮಾಡಿಕೊಂಡು ಹೋಗಬೇಕು, ಮೂವರೂ ಪೊಟೋಮ್ಯಾಕ್ ನದಿಯ ದಂಡೆಯ ಬಂಡೆಗಳ ಮೇಲೆ ಹತ್ತಿ ಇಳಿಯಬೇಕು. ವಾರವಿಡೀ ಟೋಲ್ ರೋಡಿನ ಟ್ರಾಫಿಕ್ಕಿನಲ್ಲಿ ಆಮೆಯ ಹಾಗೆ ತೆವಳುವ ನನಗೆ ಶನಿವಾರವಾದರೂ ಬೀಸಾಗಿ ನಡೆಯುವ ಆಸೆ. ಎಲ್ಲಿಯ ನಡಿಗೆ! ಸ್ವಲ್ಪ ಏರು ಬಂತೋ ಇಲ್ಲವೋ, ಹಿಂದಿನಿಂದ ಭಾವನ ಧಾರವಾಡದ ದನಿ.

"ನಿಂದರ್ರಿ ನಿಂದರ್ರಿ, ಲೇಸ್ ಬಿಚ್ಚೇದ!"

ಬಗ್ಗಿದರೆ ಏಳುವ ಮಾತಿಲ್ಲ. ಎಡಗಾಲಿನದು ಕಟ್ಟಿ, ಬಲಗಾಲಿನದನ್ನೂ ಬಿಚ್ಚಿ, ಅದನ್ನೂ ಕಟ್ಟಿ, ನಡುವೆ ತಮ್ಮೂರಿನ ಫೇಡೆಯ ಗುಣಗಾನ ಮುಗಿಸಿ ಏಳುವಷ್ಟರಲ್ಲಿ ಹಿಂದೆ ಬಂದ ಅಜ್ಜ ಅಜ್ಜಿಯರೆಲ್ಲ ನಮ್ಮನ್ನು ದಾಟಿ ಹೋಗಿರುತ್ತಿದ್ದರು. ಅಕ್ಕ ಮಾತ್ರ ಬಂಡೆಯ ಮೇಲೆ ಕೂತು, "ಈ ಮನುಷ್ಯನ್ನ ಕಟ್ಕೊಂಡು ನಾನು ಉದ್ಧಾರ ಆದ ಹಾಗೇ" ಎಂದು ಬೈಯುತ್ತಿದ್ದಳು. ನಾನು ಬೇರೆ ಬೂಟು ಕೊಡಿಸಿದೆ, ಬಿಚ್ಚಿಕೊಳ್ಳದ ಲೇಸು ಹುಡುಕಿ ತಂದೆ. ಅದೂ ಬಿಚ್ಚಿತು!

ಅಂತೂ ಹವಾಯಿ ತಲುಪಿದೆವು. ಭಾವನ ಚೀಲದಲ್ಲಿ ಚಟ್ನಿಪುಡಿ, ಅವಲಕ್ಕಿ, ಜೊತೆಗೆ ಬಚ್ಚಲಿಗೆಂದು ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಹವಾಯಿಗೆ ಹವಾಯಿ ಚಪ್ಪಲಿ ಹೊತ್ತು ತಂದ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ತೋರಿಸಿ!

ಕಣಿವೆಯ ತುದಿಯಲ್ಲಿ ನಮ್ಮನ್ನು ಇಳಿಸಿದ ಹೋಟೆಲಿನ ವ್ಯಾನಿನವನು ಖಡಾಖಂಡಿತವಾಗಿ ಹೇಳಿದ. ಕಣಿವೆ ಇಳಿಯಿರಿ, ಸಮುದ್ರದ ಪಕ್ಕದ ದಾರಿ ಹಿಡಿಯಿರಿ, ಕಪ್ಪು ಮರಳಿನ ಹತ್ತಿರ ನಾಲ್ಕಕ್ಕೆ ನಾನಿರುತ್ತೇನೆ, ಅದೇ ಕಡೆಯ ವ್ಯಾನು. ಅಕ್ಕ ಸೊಂಟಕ್ಕೆ ದುಪಟ್ಟಾ ಬಿಗಿದು ಹೊರಟಳು. ಬೆಂಕಿಬೆಟ್ಟ ಉಗುಳಿದ ಕಲ್ಲು ಮುಟ್ಟಿದಲ್ಲೆಲ್ಲ ಅಂಗೈ ತರಚುತ್ತಿತ್ತು. ಎರಡೂ ಕಡೆ ಕಡಿದಾದ ಬಂಡೆ, ನಡುವೆ ನಾವು. ಭಾವನ ಲೇಸು ಅಲ್ಲಿ ಎಷ್ಟು ಸಲ ಬಿಚ್ಚಿತೆಂದು ಲೆಕ್ಕ ಇಡುವ ತಾಳ್ಮೆ ನನಗಿರಲಿಲ್ಲ. ಹೆಂಡತಿ ಸಾವಿನ ಬಾಯಿಂದ ಎದ್ದು ಬಂದು ಒಂದು ಆಸೆ ಪಟ್ಟಿದ್ದಾಳೆ, ಅದಕ್ಕೂ ಅಡ್ಡಗಾಲು ಹಾಕಬೇಕೆ? ಇವರೆಂಥ ಡಾಕ್ಟರು, ಎಂಥ ಗಂಡ?

"ಭಾವ, ವ್ಯಾನ್ ಮಿಸ್ ಆಗತ್ತೆ!" ಎಂದು ಕಿರುಚಿದೆ.

"ಯಾಕವಾ ಅಷ್ಟು ಸಿಟ್ಟು? ಸಮುದ್ರ ಎಲ್ಲಿ ಓಡಿ ಹೋಗ್ತದ?"

ಕಣಿವೆ ಮುಗಿದು ಸಮುದ್ರ ಕಂಡಲ್ಲಿ ಕಲ್ಲು ಪೇರಿಸಿದ ಒಂದು ಕಟ್ಟೆ, ಅದರ ಮೇಲೆ ಎಲೆಯಲ್ಲಿ ಸುತ್ತಿಟ್ಟ ಏನೋ ಕಾಣಿಕೆ. ಇಲ್ಲಿಯವರಿಗೆ ಬೆಂಕಿಬೆಟ್ಟವೇ ದೇವಿ ಎಂದು ವ್ಯಾನಿನವನು ಹೇಳಿದ್ದೇ ತಪ್ಪಾಯಿತು. ಭಾವ ಬೂಟು ಕಳಚಿ, ದೇವಸ್ಥಾನದ ಹೊರಗೆ ಬಿಡುವಂತೆ, ನೀರಿನ ಪಕ್ಕದ ಬಂಡೆಯ ಮೇಲೆ ಜೋಡಿಸಿಟ್ಟರು.

"ದೇವರ ಮುಂದ ಬೂಟ್ ಹಾಕ್ಕೊಂಡು ಹೋಗ್ತಾರೇನು?"

ದೂರದಿಂದಲೇ ಕೈಮುಗಿದು, ಕಣ್ಣುಮುಚ್ಚಿ, ಮನೆಮಂದಿಯ ಹೆಸರನ್ನೆಲ್ಲ ಹೇಳಿ ಹಿಂತಿರುಗುವಷ್ಟರಲ್ಲಿ ಒಂದು ಅಲೆ ಬಂದು ಹೋಗಿತ್ತು. ಬಂಡೆಯ ಮೇಲೆ ಒಂದೇ ಬೂಟು!

"ಶನಿ ಕಳೀತು ಬಿಡವಾ" ಎಂದು ನಕ್ಕು ಭಾವ ಚೀಲದಿಂದ ಹವಾಯಿ ಚಪ್ಪಲಿ ತೆಗೆದರು. ನನಗೂ ಒಳಗೊಳಗೇ ಖುಷಿಯಾಯಿತು. ಬೂಟು ಹೋಯಿತು, ಲೇಸೂ ಹೋಯಿತು, ಇನ್ನು ನಾಲ್ಕಕ್ಕೆ ಮುಂಚೆಯೇ ಮರಳು ಮುಟ್ಟುತ್ತೇವೆ!

ಸಮುದ್ರದ ಪಕ್ಕದ ದಾರಿ ಇಳಿದು ಏರಿ, ಇಳಿದು ಏರಿ ಸಾಗಿತು. ಕೊನೆಯ ಏರಿನ ಅರ್ಧಕ್ಕೆ ಬಂದಾಗ ಕೆಳಗೆ ಕಪ್ಪು ಮರಳು ಕಂಡಿತು. ಅದರಾಚೆ ವ್ಯಾನು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನು ಕೈ ಬೀಸಿ ಇನ್ನೇನು ಓಡಬೇಕು, ಹಿಂದಿನಿಂದ ಕೇಳಿತು.

"ನಿಂದರ್ರಿ ನಿಂದರ್ರಿ, ಲೇಸ್ ಬಿಚ್ಚೇದ!"

ನನ್ನ ನೆತ್ತಿಗೆ ಬೆಂಕಿ ಹತ್ತಿತು. ಗರ್ರನೆ ತಿರುಗಿದೆ. "ಭಾವ! ಹವಾಯಿ ಚಪ್ಪಲಿಗೆ ಯಾವ ಲೇಸು?"

ಭಾವ ಬಗ್ಗಿದವರು ಬಗ್ಗಿಯೇ ಇದ್ದರು. ಆ ಹೆಸರುವಾಸಿ ಬೆರಳುಗಳು ನೀಲಿ ಪಟ್ಟಿಯನ್ನು ಹಿಡಿದುಕೊಂಡಿದ್ದವು, ಏನು ಮಾಡಬೇಕೆಂದು ಅವಕ್ಕೂ ತಿಳಿದಂತಿರಲಿಲ್ಲ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ಅಕ್ಕನನ್ನು.

ಅಕ್ಕ ಆಗಲೇ ಒಂದು ಬಂಡೆಯ ಮೇಲೆ ಕೂತಿದ್ದಳು. ಕಣ್ಣು ಮುಚ್ಚಿತ್ತು, ಅಂಗೈ ಎದೆಯ ಗಾಯದ ಮೇಲಿತ್ತು. ಉಸಿರು ಬಾಯಿಂದ ಬರುತ್ತಿತ್ತು. ಈ ಸಲ ಗಂಡನನ್ನು ಬೈಯಲೂ ಅವಳಲ್ಲಿ ಶಕ್ತಿ ಇರಲಿಲ್ಲ.

ಭಾವ ಅವಳ ಉಸಿರನ್ನೇ ನೋಡುತ್ತ ಬಗ್ಗಿದ್ದರು. ಪೊಟೋಮ್ಯಾಕ್‌ನಲ್ಲೂ ಹೀಗೆಯೇ, ಕಣಿವೆಯಲ್ಲೂ ಹೀಗೆಯೇ. ಒಮ್ಮೆ ಮಾತ್ರ ನನ್ನತ್ತ ತಿರುಗಿ, ಮಾತಾಡಬೇಡ ಎನ್ನುವಂತೆ ತಲೆ ಆಡಿಸಿದರು. ನನಗೆ ಆ ಮನುಷ್ಯನ ಮೇಲೆ ಇನ್ನೂ ಹೆಚ್ಚು ಕೋಪ ಬಂತು. ನನಗೊಬ್ಬಳಿಗಾದರೂ ಹೇಳಬಾರದಿತ್ತೆ?

ಕೆಳಗೆ ಮತ್ತೆ ಹಾರ್ನ್. ನಾನು ಚೀಲ ಇಳಿಸಿದೆ. ನಾನೇ ಬೆಳಿಗ್ಗೆ ಬಿಗಿಯಾಗಿ ಹಾಕಿದ್ದ ಗಂಟನ್ನು ಕಷ್ಟಪಟ್ಟು ಬಿಚ್ಚಿದೆ.

"ಭಾವ, ನನ್ನ ಲೇಸೂ ಬಿಚ್ಚಿದೆ. ಸ್ವಲ್ಪ ಹೊತ್ತಾಗತ್ತೆ" ಎಂದೆ.

ವ್ಯಾನು ಹೊರಟುಹೋಯಿತು. ರಾತ್ರಿ ಹೋಟೆಲು ಹೇಗೆ ಸೇರಿದೆವೆಂಬುದು ಬೇರೆಯೇ ಜಗಳ. ಅಕ್ಕ ಕಣ್ಣು ತೆರೆದು ಮೊದಲು ನನ್ನ ಬೂಟು ನೋಡಿದಳು, ಆಮೇಲೆ ಭಾವನ ಚಪ್ಪಲಿ ನೋಡಿದಳು.

"ಇಬ್ಬರೂ ನಿಧಾನವಾಗಿ ಕಟ್ಕೊಳ್ಳಿ" ಎಂದಳು. "ನಂಗೇನೂ ಅವಸರ ಇಲ್ಲ."

ಉಸಿರು ಹದಕ್ಕೆ ಬಂದ ಮೇಲೆ ಅವಳೇ ಎದ್ದಳು. ಏರು ಮುಗಿಸಿ, ಇಳಿದು, ಕಪ್ಪು ಮರಳಿನ ತನಕ ತನ್ನ ಕಾಲಲ್ಲೇ ನಡೆದಳು. ಹಿಂದೆ ಭಾವ ಚಪ್ಪಲಿ ಪಟಪಟ ಬಡಿಯುತ್ತ, ನಾನು ಲೇಸು ಎಳೆದಾಡುತ್ತ ಹೋದೆವು.