ಅರಬ್ಬಿಯಲ್ಲಿ ಸಬೂಬು

ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವವನ ಬಾಳಿನಲ್ಲಿ ಬೇರೆ ಏನಕ್ಕೆ ಬರ ಬಂದರೂ ಗಾಬರಿಗೆ ಬರವಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಎಂಬತ್ತರ ದಶಕದುದ್ದಕ್ಕೂ ಶಿರಾದಲ್ಲಿ ನನ್ನದೊಂದು ಟೈಪಿಂಗ್ ಶಾಲೆ ಇತ್ತು. ಸುತ್ತಲಿನ ತಾಲ್ಲೂಕುಗಳಿಂದ ಗಲ್ಫಿಗೆ ಹೊರಟವರು ತಮ್ಮ ಇಂಗ್ಲಿಷ್ ಸರ್ಟಿಫಿಕೇಟುಗಳನ್ನು ಅರಬ್ಬಿಗೆ ಮಾಡಿಸಿಕೊಳ್ಳಲು ಅಲ್ಲಿಗೇ ಬರುತ್ತಿದ್ದರು. ನನಗೆ ಅರಬ್ಬಿಯ ಒಂದಕ್ಷರವೂ ಬಾರದು. ಮದರಸಾದಲ್ಲಿ ಪಾಠ ಹೇಳುತ್ತಿದ್ದ ಹಜರತ್ ಒಬ್ಬರಿಗೆ ಅರಬ್ಬಿ ನೀರು ಕುಡಿದಷ್ಟು ಸಲೀಸು, ಇಂಗ್ಲಿಷ್ ಮಾತ್ರ ಬಾರದು. ನಾನು ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದು, ಅವರು ಅದನ್ನು ಅರಬ್ಬಿಯಲ್ಲಿ ಬರೆಯುವುದು. ಇದು ನಮ್ಮ ಏರ್ಪಾಡು.

ದೊಡ್ಡ ಪದಗಳು ಸುಲಭವಾಗಿ ದಾಟುತ್ತಿದ್ದವು. ‘ಯಾವುದರಿಂದ ಆಯಿತು, ಯಾರಿಂದ ಆಯಿತು’ ಅನ್ನುವ ಚಿಕ್ಕ ಪದಗಳು ಬಂದಾಗ ಮಾತ್ರ ಇಬ್ಬರ ಎದೆಯೂ ಧಸಕ್ ಅನ್ನುತ್ತಿತ್ತು.

ಹಳದಿ ಕಣ್ಣು

ಮಧುಗಿರಿ ಕಡೆಯ ಒಬ್ಬ ಗಾರೆ ಮೇಸ್ತ್ರಿ. ವೀಸಾ ಬಂದಿತ್ತು, ಆದರೆ ಕಾಮಾಲೆ ಹಿಡಿದು ಹೊರಡುವುದು ತಡವಾಗಿತ್ತು. ಡಾಕ್ಟರ ಪತ್ರ ನೋಡಿ ನಾನು, “ಕಾಮಾಲೆಯ ಕಾರಣದಿಂದ ಬರಲಾಗಲಿಲ್ಲ,” ಎಂದೆ. ಹಜರತ್ ಬರೆಯುತ್ತಾ ಗಟ್ಟಿಯಾಗಿ ಓದಿದರು: “ಬಿಸಬಬ್...”

ಮೇಸ್ತ್ರಿ ಬೆಂಚಿನಿಂದ ಎಗರಿ ನಿಂತ. “ಸಬೂಬಾ? ನಾನು ಸಬೂಬು ಹೇಳ್ತಿಲ್ಲ ಸಾಮಿ! ನೋಡ್ರಿ ಇಲ್ಲಿ, ಇನ್ನೂ ಹಳ್ದಿ ಐತೆ!” ಎಂದು ಕಣ್ಣಿನ ರೆಪ್ಪೆ ಎಳೆದುಕೊಂಡು ಹಜರತ್ ಮೂಗಿನ ಹತ್ತಿರಕ್ಕೇ ಹೋದ.

ಹಜರತ್ ಬೆಚ್ಚಿ ಹಿಂದಕ್ಕೆ ವಾಲಿದರು. “ಅರೇ ಭಾಯ್, ಅರಬ್ಬಿಯಲ್ಲಿ ಸಬಬ್ ಅಂದರೆ ಕಾರಣ. ನಿಜವಾದ ಕಾರಣ!”

ಮೇಸ್ತ್ರಿ ರೆಪ್ಪೆ ಬಿಟ್ಟ. “ಕಾರಣಕ್ಕೇ ಸಬೂಬು ಅಂತಾರಾ? ಹಂಗಾದ್ರೆ ನಮ್ಮೂರೋರೆಲ್ಲಾ ಇಷ್ಟ್ ದಿನ ಅರಬ್ಬೀನೇ ಮಾತಾಡ್ತಿದ್ರು ಬುಡಿ.”

ತೋಳಕ್ಕೆ ಥ್ಯಾಂಕ್ಸ್

ಪಾವಗಡದ ಆಚೆ ನಿಡುಗಲ್ ಕಡೆಯಿಂದ ಒಬ್ಬ ಕುರಿಗಾಹಿ ಬಂದ. ಗಲ್ಫಿನಲ್ಲೂ ಕುರಿ ಕಾಯುವ ಕೆಲಸವೇ ಸಿಕ್ಕಿತ್ತು. ಪಶು ಡಾಕ್ಟರೊಬ್ಬರು ಅವನಿಗೆ ಒಳ್ಳೆಯ ಸರ್ಟಿಫಿಕೇಟ್ ಕೊಟ್ಟಿದ್ದರು. ಅದರಲ್ಲಿ ಬರೆದದ್ದು: ಇವನಿಗೆ ಥ್ಯಾಂಕ್ಸ್, ಮಂದೆ ಕೊಬ್ಬಿ ಬೆಳೆಯಿತು. ತೋಳಕ್ಕೆ ಥ್ಯಾಂಕ್ಸ್, ಎರಡು ಕುರಿ ಕಡಿಮೆಯಾದವು. ಇಂಗ್ಲಿಷಿನಲ್ಲಿ ಕೆಟ್ಟದ್ದಾದಾಗಲೂ ‘ಥ್ಯಾಂಕ್ಸ್ ಟು’ ಎಂದು ಕುಹಕ ಆಡುವುದುಂಟು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

ಹಜರತ್ ಲೇಖನಿ ಕೆಳಗಿಟ್ಟರು. “ಕುರಿ ಸಾಕಿದವನಿಗೂ ಥ್ಯಾಂಕ್ಸ್, ಕುರಿ ತಿಂದದ್ದಕ್ಕೂ ಥ್ಯಾಂಕ್ಸಾ? ಅರಬ್ಬಿಯಲ್ಲಿ ಒಳ್ಳೇದಾದರೆ ‘ಬಿಫಜ್ಲ್’ ಅಂತ ಬರೀತೀವಿ, ಕೃಪೆಯಿಂದ ಅಂತ. ತೋಳದ ಕೃಪೆ ಅಂತ ನನ್ನ ಕೈಲಿ ಬರೆಸಬೇಡಿ ಮೇಷ್ಟ್ರೇ, ಪಾಪ ಬರುತ್ತೆ!”

“ಅದು ತಮಾಷೆ, ಹಜರತ್.”

“ಸರ್ಟಿಫಿಕೇಟಿನಲ್ಲಾ?”

ಕುರಿಗಾಹಿ ಇಬ್ಬರ ಮುಖವನ್ನೂ ನೋಡಿದ. “ಅಯ್ಯೋ ದೇವುಡಾ! ಡಾಕ್ಟ್ರು ತೋಳುಕ್ಕೆ ಥ್ಯಾಂಕ್ಸ್ ಹೇಳ್ದೆ ಇನ್ನೇನ್ಮಾಡ್ತಾರೆ ಸಾಮಿ? ಅವ್ರು ಸೂಜಿ ಚುಚ್ಚಿದ್ ಸಾಯಂಕಾಲಕ್ಕೇ ಎರಡೂ ನೆಲ ಕಚ್ಚಿದ್ವು. ತೋಳ ಬಂದು ಎಳ್ಕೊಂಡೋಗಿ ಅವ್ರ ಮಾನ ಉಳಿಸ್ತು.”

ಯಾರ ಕೆಲಸ?

ಕೊರಟಗೆರೆಯ ಬಸ್ ಡ್ರೈವರ್ ಒಬ್ಬನದು ಇನ್ನೂ ಕಷ್ಟವಾಯಿತು. ಬಿರುಗಾಳಿಗೆ ಹುಣಸೆಮರದ ಕೊಂಬೆ ಬಸ್ಸಿನ ಮೇಲೆ ಬಿದ್ದಿತ್ತು. ‘ಇದು ದೇವರ ಕೃತ್ಯ, ಡ್ರೈವರನ ತಪ್ಪಿಲ್ಲ’ ಎಂದು ಓನರು ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು.

ಕೇಳಿದ್ದೇ ತಡ, ಹಜರತ್ ಎರಡೂ ಕೆನ್ನೆ ಬಡಿದುಕೊಂಡರು. “ತೌಬಾ ತೌಬಾ! ಅಲ್ಲಾಹನ ಮೇಲೆ ಆ್ಯಕ್ಸಿಡೆಂಟ್ ಕೇಸಾ?”

ಡ್ರೈವರ್ ಬೆವೆತುಹೋದ. “ಅಂಗಂತ ನನ್ ಮ್ಯಾಲೆ ಹಾಕ್ಬುಡ್ಬೇಡಿ ಸಾರ್!”

ಬಹಳ ಹೊತ್ತು ಗಡ್ಡ ನೀವಿಕೊಂಡ ಮೇಲೆ ಹಜರತ್ ಮುಖ ಅರಳಿತು. “ಕಝಾ ವ ಕದರ್ ಅಂತ ಬರೀತೀನಿ. ಅಂದರೆ ಹಣೆಬರಹ. ಈಗ ಯಾರ ಮೇಲೂ ತಪ್ಪಿಲ್ಲ.”

ಡ್ರೈವರ್ ಮೆಲ್ಲಗೆ ಕೇಳಿದ: “ಹಣೇಬರ ಬರ್ಯೋನೂ ಅವ್ನೇ ಅಲ್ವಾ ಸಾರ್?”

ಹಜರತ್ ಲೇಖನಿಗೆ ಮುಚ್ಚಳ ಹಾಕಿ ನಮಾಜಿಗೆಂದು ಎದ್ದುಹೋದರು.

ನಿಸ್ಬತ್

ಇವೆಲ್ಲ ಒಂದು ತೂಕವಾದರೆ, ಶಿರಾದ ಒಬ್ಬ ಮೆಕ್ಯಾನಿಕ್ ಹುಡುಗನದೇ ಇನ್ನೊಂದು ತೂಕ. ಮಧುಗಿರಿಯ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದ. ಗಲ್ಫಿಗೆ ಹೊರಡುವ ಮುಂಚೆ ಮದುವೆ ಅಂತ ನಿಶ್ಚಯವಾಗಿತ್ತು. ಸರ್ಟಿಫಿಕೇಟ್ ಮಾಡಿಸಲು ಬಂದಾಗ ಜೊತೆಯಲ್ಲಿ ಭಾವೀ ಮಾವ, ಹುಣಸೆಹಣ್ಣಿನ ವ್ಯಾಪಾರಿ. ತೋಳು, ಮೀಸೆ, ದನಿ ಎಲ್ಲವೂ ದಪ್ಪ.

ಗ್ಯಾರೇಜಿನ ಏಳಿಗೆಗೆ ಈ ಹುಡುಗ ಮತ್ತು ಆಫೀಸಿನ ಲೆಕ್ಕ, ಟೈಪಿಂಗ್ ನೋಡುವ ಮಿಸ್, ಇಬ್ಬರೂ ಕಾರಣ ಎಂದು ಮಾಲೀಕರು ಬರೆದಿದ್ದರು. ಕೀರ್ತಿ ಇಬ್ಬರಿಗೂ ಸಲ್ಲಬೇಕು ಅಂದೆ. ಒಂದನ್ನು ಒಬ್ಬರಿಗೆ ಸಲ್ಲಿಸುವುದಕ್ಕೆ ಅರಬ್ಬಿಯಲ್ಲಿ ಇರುವುದು ‘ನಿಸ್ಬತ್’ ಎಂಬ ಪದ. ಹಜರತ್ ತಮ್ಮಷ್ಟಕ್ಕೆ ತಾವೇ ಗೊಣಗಿಕೊಂಡರು: “ಹುಡುಗನ ನಿಸ್ಬತ್... ಮಿಸ್‌ದೂ ನಿಸ್ಬತ್...”

ಶಿರಾದ ಸಾಬರ ಮನೆಗಳಲ್ಲಿ ನಿಸ್ಬತ್ ಅಂದರೆ ಮದುವೆಯ ನಿಶ್ಚಿತಾರ್ಥ.

ಮಾವ ಎದ್ದ ರಭಸಕ್ಕೆ ಬೆಂಚು ಮಗುಚಿತು. “ಕ್ಯಾ? ಇವನ ನಿಸ್ಬತ್ ಆಗಲೇ ಒಬ್ಬಳ ಜೊತೆ ಆಗೋಗಿದೆಯಾ?”

ಹಜರತ್ ಗಾಬರಿಯಾಗಿ, “ಇಲ್ಲ ಇಲ್ಲ, ಬರೀ ಕಾಗದದ ಮೇಲೆ!” ಎಂದರು.

“ಕಾಗದಾನೂ ಆಯ್ತಾ!”

ಸಮಾಧಾನ ಮಾಡೋಣವೆಂದು ನಾನು ಬಾಯಿ ಹಾಕಿದೆ. “ಹಾಗಲ್ಲ ಸಾಹೇಬ್ರೇ, ಇಬ್ಬರೂ ಸೇರಿ ಪಟ್ಟ ಶ್ರಮದ ಫಲ ಅಂತ ಅಷ್ಟೇ.”

“ಫಲಾನೂ ಬಂದ್ಬುಡ್ತಾ!” ಎಂದು ಅವರು ಹುಡುಗನ ಕಾಲರಿಗೆ ಕೈ ಹಾಕಿದರು. ಆಚೆ ಟೈಪ್ ಕಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ಹುಡುಗ ಉಸಿರುಗಟ್ಟಿ, “ಮಾಮೂ, ಆ ಮಿಸ್ ನಮ್ಮ ಅಮ್ಮನಿಗಿಂತ ದೊಡ್ಡೋರು!” ಎಂದ. ಮಾವ ನಂಬಲಿಲ್ಲ. ಮುಂದಿನ ಬಸ್ ಹಿಡಿದು ಮಧುಗಿರಿಗೇ ಹೋದರು. ಅಲ್ಲಿ ಮಿಸ್ ದಪ್ಪ ಕನ್ನಡಕದೊಳಗಿಂದ ನೋಡಿ, ಯಾರಪ್ಪಾ ನೀನು, ಏನು ಬೇಕು ಮಗಾ, ಅಂದರಂತೆ.

ಮಾರನೆಯ ದಿನ ಮಾವ ತಲೆ ತಗ್ಗಿಸಿಕೊಂಡು ಬಂದರು. ಹಟ ಮಾತ್ರ ಬಿಡಲಿಲ್ಲ. “ಎಷ್ಟೇ ವಯಸ್ಸಾಗಲಿ, ನಮ್ಮ ಅಳಿಯನ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಬೇಡ. ಎಲ್ಲಾ ಕೆಲಸ ಇವನೊಬ್ಬನೇ ಮಾಡಿದ್ದು ಅಂತ ಬರೀರಿ ಹಜರತ್.” ನಾನು ಬೇಡವೆಂದೆ. ಆ ಮೀಸೆ ನೋಡಿ ಹಜರತ್ ಬರೆದೇಬಿಟ್ಟರು.

ಮದುವೆ ಸಾಂಗವಾಗಿ ಆಯಿತು, ಹುಡುಗ ವಿಮಾನ ಹತ್ತಿದ. ಮೊದಲ ರಜೆಗೆ ಬಂದಾಗ ಅವನೇ ನಮ್ಮೆದುರು ಕೂತು ಹೇಳಿದ್ದು: ಅರಬ್ ಮಾಲೀಕರು ಸರ್ಟಿಫಿಕೇಟ್ ಓದಿ, ಲೆಕ್ಕ, ಟೈಪಿಂಗ್ ಎಲ್ಲಾ ಬಲ್ಲವನು ಸಿಕ್ಕಿದ ಎಂದು ಖುಷಿಯಾಗಿ ಅವನನ್ನು ಆಫೀಸಿನಲ್ಲಿ ಟೈಪ್‌ರೈಟರ್ ಮುಂದೆ ಕೂರಿಸಿ, ಒಂದು ಪತ್ರ ಹೊಡೆದಿಡು ಅಂತ ಹೊರಗೆ ಹೋದರಂತೆ. ಮಧ್ಯಾಹ್ನ ಬಂದು ನೋಡಿದರೆ ಇವನು ಟೈಪ್‌ರೈಟರಿನ ಒಂದೊಂದು ಕೀಲನ್ನೂ ಬಿಚ್ಚಿ, ಮೇಜಿನ ತುಂಬ ಹರಡಿಕೊಂಡು, ಮೊಣಕೈವರೆಗೂ ಗ್ರೀಸ್ ಮಾಡಿಕೊಂಡು ಕೂತಿದ್ದಾನೆ.

ಇವನು ತಲೆ ಎತ್ತಿ, “ಸಂಜೆಗೆ ಸ್ಟಾರ್ಟ್ ಮಾಡಿ ಕೊಡ್ತೀನಿ ಸಾಬ್,” ಅಂದನಂತೆ.