ಹಾಳೆಯ ಮೇಲೆ ಕಾರು ನಿಲ್ಲಿಸಿದ್ದು

ಕಾರ್ಯದರ್ಶಿಗಳ ನಾಲಿಗೆ ಅವತ್ತು ಸಭೆಯಲ್ಲಿ ತೆಪ್ಪಗೆ ಬಿದ್ದಿದ್ದರೆ ಇದೇನೂ ಆಗುತ್ತಿರಲಿಲ್ಲ. ಆದರೆ ಆ ನಾಲಿಗೆಗೆ ಅಂಥ ಅಭ್ಯಾಸವಿರಲಿಲ್ಲ. ಯಾರ ಕಾರು ಎಲ್ಲಿ ನಿಲ್ಲಬೇಕು ಎಂದು ಅಪಾರ್ಟ್‌ಮೆಂಟಿನವರೆಲ್ಲ ಕಿತ್ತಾಡುತ್ತಿದ್ದಾಗ ಅವರು ಎದ್ದು ನಿಂತು, "ಅದಕ್ಕೇನ್ ಮಹಾ? ಒಂದು ಹಾಳೇಲಿ ನಕ್ಷೆ ಹಾಕಿ, ಮನೆಗೊಂದು ಕಾರಿನ ಚಿತ್ರ ಕೂರಿಸಿ, ಎಲ್ಲರೂ ಸಹಿ ಹಾಕಿದ್ರೆ ಮುಗೀತು. ಕಂಪ್ಯೂಟರ್‌ನಲ್ಲಿ ನಾನೇ ಮಾಡ್ಕೊಡ್ತೀನಿ," ಎಂದುಬಿಟ್ಟರು.

ಅವರಿಗೆ ಗೊತ್ತಿದ್ದ ಕಂಪ್ಯೂಟರ್ ಎಂದರೆ ವಿಮಾ ಕಚೇರಿಯಲ್ಲಿ ಪತ್ರ ಟೈಪು ಮಾಡುವಷ್ಟು. 'ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ' ಎಂಬ ಒಂದೇ ಪತ್ರವನ್ನು ಟೈಪು ಮಾಡುತ್ತಾ ತಲೆ ನರೆಸಿಕೊಂಡವರು.

ಆದರೂ ಅವರು ಮುಂದೆ ಬಿದ್ದದ್ದಕ್ಕೆ ಕಾರಣವಿತ್ತು. ಕಚೇರಿಯಿಂದ ಬರುವುದು ತಡವಾಗುತ್ತಿದ್ದುದರಿಂದ ಅವರ ಪುಟ್ಟ ನೀಲಿ ಕಾರಿಗೆ ಕಟ್ಟಡದ ಕೆಳಗೆ ಜಾಗವೇ ಸಿಗುತ್ತಿರಲಿಲ್ಲ. ಅದು ಬೀದಿಯ ಮರದ ಕೆಳಗೆ ನಿಲ್ಲುತ್ತಿತ್ತು. ಊರಿನ ಹಕ್ಕಿಗಳೆಲ್ಲ ಆ ಮರಕ್ಕೇ ಬಂದು, ಆ ಕಾರಿನ ಮೇಲೇ ಹೊಟ್ಟೆ ಹಗುರ ಮಾಡಿಕೊಳ್ಳುತ್ತಿದ್ದವು. ದಿನಾ ಬೆಳಗ್ಗೆ ಅವರು ಬಕೆಟ್ಟು ಹಿಡಿದು ಇಳಿಯುವುದನ್ನು ಬಾಲ್ಕನಿಗಳೆಲ್ಲ ನಿಂತು ನೋಡುತ್ತಿದ್ದವು. ಲಿಫ್ಟಿನ ಪಕ್ಕದ ಮೂಲೆ ಜಾಗ ತನ್ನದಾಗಬೇಕು ಎಂಬ ಒಂದೇ ಆಸೆಯಿಂದ, ಬೇರೆ ಯಾರಿಗೂ ಬೇಡವಾದ ಕಾರ್ಯದರ್ಶಿ ಪಟ್ಟವನ್ನು ಅವರು ತಲೆಗೆ ಕಟ್ಟಿಕೊಂಡಿದ್ದರು.

ಭಾನುವಾರ ಬೆಳಗ್ಗೆ ಕೆಲಸ ಶುರುವಾಯಿತು. ಸಹಿ ಹಾಕುವ ಸಭೆ ಸಂಜೆಗೆ. ಚೌಕಗಳನ್ನು ಎಳೆದು, ಲಿಫ್ಟು, ಗೇಟು ಎಂದು ಬರೆದು, ಎಲ್ಲಕ್ಕಿಂತ ಮೊದಲು ತಮ್ಮ ನೀಲಿ ಕಾರನ್ನು ಲಿಫ್ಟಿನ ಪಕ್ಕದ ಮೂಲೆಯಲ್ಲಿ ಕೂರಿಸಿದರು.

"ನಮ್ಮದು ಬಂತೇನ್ರೀ?" ಹೆಂಡತಿ ಅಡುಗೆಮನೆಯಿಂದ ಕೇಳಿದರು.

"ಮೊದಲು ನಮ್ಮದೇ. ಉಳಿದವರು ಆಮೇಲೆ," ಎಂದರು ಕಾರ್ಯದರ್ಶಿಗಳು. ಹೆಂಡತಿಗೆ ಗಂಡನ ಮೇಲೆ ಅಪರೂಪಕ್ಕೆ ಅಭಿಮಾನ ಉಕ್ಕಿತು.

ಉಳಿದ ಕಾರುಗಳನ್ನು ಹಾಕುವ ಹೊತ್ತಿಗೆ ವಾಸನೆ ಹಿಡಿದವರಂತೆ ನೆರೆಯವರು ಬಂದರು. ಮೊದಲು ಬಂದವರು ನಿವೃತ್ತ ಹೆಡ್‌ಮಿಸ್ಸು. ಕನ್ನಡಕ ಏರಿಸಿ ನೋಡಿ, "ನನ್ನ ಕಾರಿನ ಮುಖ ಯಾಕೆ ಗೋಡೆ ಕಡೆಗಿದೆ? ನನ್ನನ್ನೇನು ಶಿಕ್ಷೆಗೆ ನಿಲ್ಲಿಸಿದ್ದೀರಾ?" ಎಂದರು.

ಕಾರ್ಯದರ್ಶಿಗಳು ಚಿತ್ರ ತಿರುಗಿಸಲು ಹೋದರು. ಕಾರು ಚಕ್ರ ಮೇಲೆ ಮಾಡಿಕೊಂಡು ಅಂಗಾತ ಮಲಗಿತು. ಎಬ್ಬಿಸಲು ಎಳೆದರೆ ಇಡೀ ಸಾಲು ಕೆಳಗೆ ಜಾರಿ, ಗೇಟು ಎರಡನೇ ಪುಟಕ್ಕೆ ಹೋಯಿತು.

"ಗೇಟಿಲ್ಲದೆ ನಾವು ಒಳಗೆ ಬರೋದು ಹೇಗೆ?" ಎಂದರು ಹೆಡ್‌ಮಿಸ್ಸು.

ಗೇಟನ್ನು ಹಿಂದಕ್ಕೆ ತಂದರೆ ಲಿಫ್ಟು ನಾಪತ್ತೆ. ಲಿಫ್ಟು ಸಿಕ್ಕಿತು ಅನ್ನುವಷ್ಟರಲ್ಲಿ ಮೂರನೇ ಮಹಡಿಯ ವಕೀಲರು ಒಳಗೆ ಬಂದು ಕುರ್ಚಿ ಎಳೆದುಕೊಂಡರು. "ನನ್ನ ಕಾರು ಬಿಳಿ. ಇಲ್ಲಿ ಕೆಂಪು ಹಾಕಿದ್ದೀರಿ."

"ಅದು ಬರೀ ಗುರುತಿಗೆ ಸಾರ್."

"ಕೆಂಪು ಕಾರಿಗೆ ಕೊಟ್ಟ ಜಾಗ ಬಿಳಿ ಕಾರಿಗೆ ಸಲ್ಲಲ್ಲ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ?"

ತಕರಾರು ತೆಗೆಯುವವರು ಆ ಕಟ್ಟಡದಲ್ಲಿ ಅವರೊಬ್ಬರೇ ಎಂದು ಹೇಳುವ ಧೈರ್ಯ ಕಾರ್ಯದರ್ಶಿಗಳಿಗೆ ಇರಲಿಲ್ಲ. ಬಿಳಿ ಕಾರು ಹುಡುಕಿ ಹಾಕಿದರು. ಅದು ಬಂದು ಕೂತದ್ದೇ ತಡ, ಮಿಕ್ಕ ಕಾರುಗಳೆಲ್ಲ ಬಸ್ಸು ಕಂಡ ಪ್ರಯಾಣಿಕರ ಹಾಗೆ ನುಗ್ಗಾಡಿ ಮುಂದಿನ ಪುಟಕ್ಕೆ ಹಾರಿದವು. ಕಾರ್ಯದರ್ಶಿಗಳ ಹಣೆಯಿಂದ ಬೆವರು ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು. ಊಟಕ್ಕೆ ಕರೆದ ಹೆಂಡತಿಯ ಮೇಲೆ ರೇಗಿದರು.

"ಚಿತ್ರಗಳನ್ನ ಅಕ್ಷರಗಳ ಸಾಲಲ್ಲಿ ಕೂರಿಸಿದ್ದೀರಿ, ಅದಕ್ಕೇ ತಳ್ಳಾಡ್ತಿವೆ," ಎಂದು ವಕೀಲರು ಮೌಸು ಕಿತ್ತುಕೊಂಡರು. "ಎಲ್ಲಾನೂ ಅಕ್ಷರಗಳ ಮೇಲೆ ತೇಲೋ ಹಾಗೆ ಮಾಡ್ಬೇಕು. ನೋಡಿ, ಈಗ ಯಾರೂ ಯಾರನ್ನೂ ತಳ್ಳಲ್ಲ."

ನಿಜವಾಗಿಯೂ ತಳ್ಳಲಿಲ್ಲ. ಚಿತ್ರಗಳು ಎಲ್ಲಿಗೆ ಎಳೆದರೆ ಅಲ್ಲಿಗೆ ಹೋಗಿ, ಇಟ್ಟಲ್ಲಿ ಇದ್ದವು. ಆ ವಕೀಲರಿಗೆ ಕಾರ್ಯದರ್ಶಿಗಳು ಜೀವನದಲ್ಲಿ ಮೊದಲ ಸಲ ಮನಸಾರೆ ಕೈಮುಗಿದರು.

ಕೊನೆಗೆ ಬಂದವರು ಪಕ್ಕದ ಮನೆಯ ಹಲ್ಲಿನ ಡಾಕ್ಟರು. ಅವರ ಕಾರು ಕಟ್ಟಡದಲ್ಲೇ ದೊಡ್ಡದು. ನಕ್ಷೆಯಲ್ಲಿ ಕಾರ್ಯದರ್ಶಿಗಳ ಪಕ್ಕದ ಚೌಕ ಅವರದು. "ಇದೇನ್ರೀ, ನನ್ನ ಕಾರೂ ನಿಮ್ಮೆಲ್ಲರ ಕಾರಿನಷ್ಟೇ ಕಾಣಿಸ್ತಿದೆ?" ಎಂದು ನೊಂದುಕೊಂಡರು. "ನಾಲ್ಕು ಜನ ನೋಡೋ ಕಾಗದ. ಸ್ವಲ್ಪ ದೊಡ್ಡದು ಮಾಡಿ."

ಆಗಲೇ ಸಂಜೆಯಾಗಿತ್ತು. ಕಾರ್ಯದರ್ಶಿಗಳು ಚಿತ್ರದ ಮೂಲೆ ಹಿಡಿದು ಎಳೆದರು. "ಇನ್ನೂ ಸ್ವಲ್ಪ," ಎಂದರು ಡಾಕ್ಟರು. ಇನ್ನೂ ಎಳೆದರು. ಗೇಟು ಕದಲಲಿಲ್ಲ, ಲಿಫ್ಟು ಕದಲಲಿಲ್ಲ. ಕಾರ್ಯದರ್ಶಿಗಳಿಗೆ ಬೇಕಾಗಿದ್ದದ್ದು ಅಷ್ಟೇ. ಇನ್ನು ಈ ಜನ್ಮದಲ್ಲಿ ಇದನ್ನು ಮುಟ್ಟಲಾರೆ ಎನಿಸಿ, 'ಸಹಿಯಾದ ಮೇಲೆ ಯಾವ ಚಿತ್ರವನ್ನೂ ಕದಲಿಸುವಂತಿಲ್ಲ' ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆದು, ಪ್ರಿಂಟು ತೆಗೆದುಕೊಂಡು ಸಭೆಗೆ ಓಡಿದರು.

ಮೊದಲ ಸಹಿ ಅವರೇ ಹಾಕಿದರು. ತಮ್ಮ ತಮ್ಮ ಕಾರು ಹುಡುಕಿಕೊಂಡು ಉಳಿದವರೂ ಸಹಿ ಹಾಕಿದರು. ಚಪ್ಪಾಳೆಯೂ ಬಿತ್ತು. ವಾಚ್‌ಮನ್ ಹಾಳೆಯನ್ನು ಲಿಫ್ಟಿನ ಪಕ್ಕದ ಗೋಡೆಗೆ ಅಂಟಿಸಿದ. ಹೆಂಡತಿ ಹತ್ತಿರ ಹೋಗಿ ನೋಡಿದರು.

"ರೀ, ನಮ್ಮ ಕಾರೆಲ್ಲಿ?"

"ಇಲ್ಲೇ," ಎಂದು ಕಾರ್ಯದರ್ಶಿಗಳು ಬೆರಳಿಟ್ಟರು. ಬೆರಳು ಡಾಕ್ಟರ ಕಾರಿನ ಬಾನೆಟ್ಟಿನ ಮೇಲಿತ್ತು. ಆ ಕಾರು ಎರಡು ಚೌಕಗಳನ್ನೂ ತುಂಬಿಕೊಂಡು ರಾಜಗಾಂಭೀರ್ಯದಿಂದ ನಿಂತಿತ್ತು.

ಕಾರ್ಯದರ್ಶಿಗಳು ಮೆಟ್ಟಿಲು ಹತ್ತಿ ಓಡಿ ಲ್ಯಾಪ್‌ಟಾಪನ್ನೇ ಹೊತ್ತು ತಂದರು. ಎಲ್ಲರೆದುರು ಡಾಕ್ಟರ ಕಾರನ್ನು ಪಕ್ಕಕ್ಕೆ ಎಳೆದರೆ, ಅದರ ಅಡಿಯಲ್ಲಿ ಪುಟ್ಟ ನೀಲಿ ಕಾರು ಇಟ್ಟ ಹಾಗೇ ಇತ್ತು. ಎಲ್ಲಕ್ಕಿಂತ ಮೊದಲು ಹಾಕಿದ್ದರಿಂದ ಎಲ್ಲಕ್ಕಿಂತ ಕೆಳಗೆ ಸೇರಿತ್ತು.

"ನೋಡಿ, ನಮ್ಮದೂ ಇದೆ," ಎಂದರು, ಅಳುವುದೊಂದು ಬಾಕಿ.

"ಇಲ್ಲ ಅಂದೋರ್ಯಾರು?" ಎಂದರು ವಕೀಲರು. "ಇದೆ. ಡಾಕ್ಟರ ಕಾರಿನ ಕೆಳಗಿದೆ. ಯಾವ ಚಿತ್ರವನ್ನೂ ಕದಲಿಸುವಂತಿಲ್ಲ ಅಂತ ನೀವೇ ಬರೆದು, ನೀವೇ ಮೊದಲ ಸಹಿ ಹಾಕಿದ್ದೀರಿ."

ಕಾರ್ಯದರ್ಶಿಗಳು ಹೆಡ್‌ಮಿಸ್ಸಿನ ಮುಖ ನೋಡಿದರು. ಅವರು ತಮ್ಮ ಕಾರಿನ ಮುಖ ಸರಿಯಿದೆಯೇ ಎಂದು ನೋಡುತ್ತಿದ್ದರು. ಡಾಕ್ಟರು ಮಾತ್ರ ದೊಡ್ಡ ಮನಸ್ಸು ಮಾಡಿ, ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಬೇಜಾರು ಮಾಡ್ಕೋಬೇಡಿ. ನನ್ನ ಕಾರಿನ ಕೆಳಗೆ ನಿಮ್ಮದು ಹಿಡಿಸತ್ತೆ ಅನ್ನೋದಾದ್ರೆ ಧಾರಾಳವಾಗಿ ನಿಲ್ಲಿಸ್ಕೊಳ್ಳಿ. ನಂದೇನೂ ಅಭ್ಯಂತರ ಇಲ್ಲ."

ಮರುದಿನ ಬೆಳಗ್ಗೆ ಕಾರ್ಯದರ್ಶಿಗಳು ಮರದ ಕೆಳಗೆ ಗಾಜು ಉಜ್ಜುತ್ತಿದ್ದಾಗ ಬಾಲ್ಕನಿಯಿಂದ ಹೆಡ್‌ಮಿಸ್ಸು ಕೂಗಿದರು. "ನಕ್ಷೆ ಚೆನ್ನಾಗಿ ಬಂದಿದೆ ಕಣ್ರೀ. ಟೆರೇಸ್‌ನಲ್ಲಿ ಯಾರ ಹೂಕುಂಡ ಎಲ್ಲಿಡಬೇಕು ಅಂತ ಒಂದೇ ಜಗಳ. ಅದಕ್ಕೂ ಒಂದು ಹಾಕ್ಕೊಡೋಕಾಗತ್ತಾ?"

ಕಾರ್ಯದರ್ಶಿಗಳು ತುಟಿ ಬಿಗಿಹಿಡಿದರು. ಆದರೆ ಬಾಲ್ಕನಿಗಳೆಲ್ಲ ನೋಡುತ್ತಿದ್ದವು.

"ಅದಕ್ಕೇನ್ ಮಹಾ," ಎಂದಿತು ನಾಲಿಗೆ.